ಸವರುವ ಕೆಲಸ

ನಾಲಿಗೆಯ ತೀಟೆ ನನಗೆ ಚಿಕ್ಕಂದಿನಿಂದಲೂ ಇತ್ತು. ಒಂದು ಪದದಲ್ಲಿ ಎರಡು ಅರ್ಥ ಕಂಡರೆ ಸಾಕು, ಅದನ್ನು ಆಡಿ ಮುಗಿಸುವವರೆಗೆ ಸಮಾಧಾನವಿಲ್ಲ. ಆಡಿದ ಮೇಲೆ ಎದುರಿನವರು ನಕ್ಕರೋ ಇಲ್ಲವೋ ಎಂದು ಮುಖ ನೋಡುತ್ತಾ ಕಾಯುವುದು. ನಕ್ಕರೆ ಆ ದಿನವೆಲ್ಲ ಹೊಟ್ಟೆ ತುಂಬಿದ ಹಾಗೆ. ಈಗ ಎಪ್ಪತ್ತು ದಾಟಿದೆ. ಮನೆಯಲ್ಲಿ ಸೊಸೆಯಂದಿರು ನನ್ನನ್ನು ಮಿತಭಾಷಿ ಎಂದು ಹೊಗಳುತ್ತಾರೆ. ಹೊಗಳುವಂಥದ್ದು ಅದರಲ್ಲಿ ಏನೂ ಇಲ್ಲ. ಯಾವ ಮಾತಿನಿಂದ ಹೀಗಾದೆ ಎಂದು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಹೇಳಿದರೆ ಎದೆ ಹಗುರವಾದೀತು ಎಂಬ ಆಸೆಯಿಂದ ಬರೆಯುತ್ತಲೂ ಇಲ್ಲ. ಹಗುರವಾಗುವುದಿಲ್ಲ ಎಂದು ಗೊತ್ತಿದೆ.

ಆಗ ಯುದ್ಧದ ಕಾಲ. ನಮ್ಮದು ಬೂದಿಗೆರೆ ಕಡೆಯ ಹಳ್ಳಿ, ಮನೆತುಂಬ ಬೇಸಾಯಗಾರರು. ನಾನೊಬ್ಬ ಲೋಯರ್ ಸೆಕೆಂಡರಿ ಪಾಸು ಮಾಡಿ, ಅಕ್ಷರ ದುಂಡಗಿದೆ ಎಂಬ ಒಂದೇ ಯೋಗ್ಯತೆಯ ಮೇಲೆ ದೊಡ್ಡಬಳ್ಳಾಪುರದ ಹೊರಗಿನ ಒಂದು ಬಂಗಲೆಗೆ ಗುಮಾಸ್ತನಾಗಿ ಸೇರಿದೆ. ಯಜಮಾನರು ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡಿದ್ದವರು. ತನ್ನ ದೇಶಕ್ಕೆ ಹೊರಟುಹೋದ ಇಂಗ್ಲಿಷ್ ದೊರೆಯೊಬ್ಬನಿಂದ ಆ ಬಂಗಲೆಯನ್ನು ಕೊಂಡಿದ್ದರು. ಅವರ ಕಾಗದಗಳಿಗೆ ಉತ್ತರ ಬರೆಯುವುದು, ಪತ್ರಿಕೆ ಓದಿ ಹೇಳುವುದು, ಸಂಜೆ ಅವರ ಜೊತೆ ತಿರುಗಾಡುವುದು ನನ್ನ ಕೆಲಸ. ನನ್ನ ಎರಡರ್ಥದ ಮಾತುಗಳೆಂದರೆ ಅವರಿಗೆ ಬಲು ಇಷ್ಟ. ಬೆಂಗಳೂರಿನಿಂದ ಸ್ನೇಹಿತರು ಬಂದಾಗ ನನ್ನನ್ನು ಕರೆದು, ಏನಾದರೂ ಹೇಳಯ್ಯ ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ.

ಬಂಗಲೆಯ ಮುಂದೆ ಎರಡು ಗುಂಟೆಯಷ್ಟು ಹುಲ್ಲುಹಾಸು, ಸುತ್ತ ಸೊಂಟದೆತ್ತರದ ಬೇಲಿಗಿಡ, ಮೆಟ್ಟಿಲ ಪಕ್ಕ ಗುಲಾಬಿ. ಹಾಸಿದ್ದ ಹುಲ್ಲು ಬೇರೇನಲ್ಲ, ನಮ್ಮ ಗರಿಕೆ. ನನಗೆ ಅದನ್ನು ನೋಡಿ ನಗು ಬರುತ್ತಿತ್ತು. ನಮ್ಮಪ್ಪ ಜೀವಮಾನವಿಡೀ ಹೊಲದಲ್ಲಿ ಗರಿಕೆಯನ್ನು ಅಗೆದು ಅಗೆದು ಸೊಂಟ ಬಗ್ಗಿಸಿಕೊಂಡವರು. ಇಲ್ಲಿ ಅದಕ್ಕೆ ದಿನವೂ ಬಾವಿ ನೀರಿನ ಉಪಚಾರ. ಬೆಳೆಸುವುದು, ಕತ್ತರಿಸುವುದು, ಕತ್ತರಿಸಿದ್ದನ್ನು ದನಕ್ಕೂ ಹಾಕದೆ ಮೂಲೆಗೆ ಸುರಿಯುವುದು. ದೊರೆ ಬಿಟ್ಟುಹೋಗಿದ್ದ ಹುಲ್ಲು ಕತ್ತರಿಸುವ ಮಿಷನ್ನಿನ ಅಲಗು ಮುರಿದಿತ್ತು. ಯುದ್ಧದ ದೆಸೆಯಿಂದ ಬೇರೆ ಅಲಗು ಸಿಗುವ ಹಾಗಿರಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲು ಮೊಣಕಾಲು ಮುಟ್ಟಿತು.

ಹುಲ್ಲು ತೆಗೆಸು ಎಂದು ಯಜಮಾನರು ಹೇಳಿದರು. ನಾನು ಪಕ್ಕದ ಹಳ್ಳಿಯಿಂದ ಇಬ್ಬರು ಆಳುಗಳನ್ನು ಕರೆತಂದೆ. ನಮ್ಮ ಕಡೆ ಹುಲ್ಲು ತೆಗೆಯುವುದು ಎಂದರೆ ಬೇರುಸಮೇತ ತೆಗೆಯುವುದೇ. ಅವರು ಗುದ್ದಲಿ ಹಿಡಿದು ಮೂಲೆಯಿಂದ ಶುರು ಮಾಡಿದರು. ಯಜಮಾನರು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಹತ್ತು ಮಾರು ಅಗೆದು, ಬೇರನ್ನು ತೊಳೆದು, ಎತ್ತಿಗೆಂದು ಹೊರೆ ಕಟ್ಟಿಯೂ ಆಗಿತ್ತು. ಅವರು ಬೈಯಲಿಲ್ಲ. ಕೆಂಪು ಮಣ್ಣು ನೋಡುತ್ತಾ ನಿಂತು, ಕಸುಬು ಗೊತ್ತಿರುವ ಮಾಲಿಯನ್ನು ಹುಡುಕು, ಹಳ್ಳಿಯವರು ಬೇಡ ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ಬಿಸಿ ಮುಟ್ಟಿತು.

ಸಂತೆಯಲ್ಲಿ ನಾಲ್ಕು ಜನರಿಗೆ ಹೇಳಿಟ್ಟೆ. ಹದಿನೈದು ದಿನದ ಮೇಲೆ ನಮ್ಮ ತಾಲ್ಲೂಕಿನದೇ ಮಧುರೆ ಕಡೆಯ ಮುದುಕನೊಬ್ಬ ಮಗಳ ಜೊತೆ ಬಂದ. ಬೆಂಗಳೂರಿನ ದಂಡಿನಲ್ಲಿ, ಎಂದರೆ ಕಂಟೋನ್ಮೆಂಟಿನಲ್ಲಿ, ದೊರೆಗಳ ಬಂಗಲೆಗಳಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದವನು. ಕೆಲಸಕ್ಕಿದ್ದ ಕೊನೆಯ ಬಂಗಲೆಯನ್ನು ಮಿಲಿಟರಿಯವರು ತೆಗೆದುಕೊಂಡು ಹುಲ್ಲಿನ ಮೇಲೆ ಲಾರಿ ನಿಲ್ಲಿಸಿದರಂತೆ. ತಲೆಗೆ ಬಿಳಿ ರುಮಾಲು, ಮೊಣಕಾಲವರೆಗಿನ ಚಡ್ಡಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಎರಡು ಕತ್ತರಿ. ಮಗಳಿಗೆ ಮೂವತ್ತರ ವಯಸ್ಸು, ಗಂಡ ಬಿಟ್ಟವಳು. ಆಕೆಯ ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಗೇಟು ಇಷ್ಟಗಲ ತೆರೆದವ್ರಲ್ಲ, ಜಲ್ಲಿ ಹಾಕವ್ರೆ ಕಣಪ್ಪಾ, ಇದೇನು ಇಲ್ಲೇ ಬಾವಿ ಕಟ್ಟೆ, ಮೂರೇ ಮೆಟ್ಟಿಲು ನೋಡು ಎಂದು ಕಂಡದ್ದೆಲ್ಲ ಹೇಳುತ್ತಾ ಅಪ್ಪನಿಗಿಂತ ಅರ್ಧ ಹೆಜ್ಜೆ ಮುಂದೆ ನಡೆದು ಬಂದಳು. ಇಂಥ ಮಾತಿನ ಮಲ್ಲಿಯನ್ನು ಯಾವ ಗಂಡ ತಾನೇ ಇಟ್ಟುಕೊಂಡಾನು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಕೆಲಸ ಬರುತ್ತದೋ ಇಲ್ಲವೋ ನೋಡೋಣವೆಂದು ಬೇಲಿಯ ಹತ್ತಿರ ಕರೆದೊಯ್ದೆ. ಆತ ಬೇಲಿಯ ಮೇಲೆ ಅಂಗೈ ಆಡಿಸುತ್ತಾ ನಾಲ್ಕು ಹೆಜ್ಜೆ ಹೋಗಿ ನಿಂತ. ಹೋದ ಸಲ ಇದನ್ನು ಕುಡುಗೋಲಿನಲ್ಲಿ ಹೊಡೆದಿದ್ದಾರೆ, ಕೊನೆಗಳೆಲ್ಲ ಸೀಳಿಹೋಗಿವೆ, ಚಿಗುರು ಬರುವುದು ತಡ ಎಂದ. ನಾನು ಬಗ್ಗಿ ನೋಡಿದೆ. ನಿಜವಾಗಿತ್ತು. ಹುಲ್ಲು, ಬೇಲಿ, ಗುಲಾಬಿ ಮೂರನ್ನೂ ಸವರಬೇಕು, ಕತ್ತರಿಸಿ ಸಮ ಮಾಡಬೇಕು ಎಂದು ಹೇಳಿ ಕೆಲಸಕ್ಕೆ ಇಟ್ಟುಕೊಂಡೆ. ಬಂಗಲೆಯ ಹಿಂದಿದ್ದ ಆಳುಮನೆಯಲ್ಲಿ ಅಪ್ಪ ಮಗಳು ಒಲೆ ಹೂಡಿದರು.

ಆತನ ಕೆಲಸ ನೋಡಲು ನಾನು ಕಾಗದ ಬರೆಯುವುದನ್ನು ಬಿಟ್ಟು ಜಗಲಿಗೆ ಬರುತ್ತಿದ್ದೆ. ಮೊದಲು ಎರಡು ಗೂಟ ನೆಟ್ಟು ಹುಲ್ಲಿನ ಮೇಲೆ ಒಂದು ದಾರ ಬಿಗಿಯುವುದು. ದಾರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಡಗೈಯಿಂದ ಹುಲ್ಲನ್ನು ಮೆಲ್ಲಗೆ ಸವರಿ, ಬಲಗೈಯಲ್ಲಿ ಕತ್ತರಿ ಆಡಿಸುವುದು. ಮತ್ತೆ ಸವರುವುದು. ಅಂಗೈಗೆ ಒಂದು ಎಳೆ ಎದ್ದು ಸಿಕ್ಕಿದರೂ ಬಿಡುತ್ತಿರಲಿಲ್ಲ. ಆ ಸಾಲು ಮುಗಿದರೆ ಗೂಟ ಕಿತ್ತು ಒಂದು ಗೇಣು ಈಚೆಗೆ ನೆಡುವುದು. ಇದು ಇಂಗ್ಲಿಷರ ಪದ್ಧತಿ ಇರಬೇಕೆಂದು ನಾನು ತಿಳಿದೆ. ಎರಡು ತಿಂಗಳಲ್ಲಿ ಅಗೆದ ಮೂಲೆಯೂ ಕೂಡಿಕೊಂಡು ಬಂತು. ಬೇಲಿಯ ನೆತ್ತಿಯ ಮೇಲೆ ಗೋಲಿ ಇಟ್ಟರೆ ಉರುಳದೆ ನಿಲ್ಲುವಷ್ಟು ಸಮ. ಗುಲಾಬಿಯನ್ನು ಸವರಿದ ಮೇಲೆ ಮೂರು ಮೂರು ಕಡ್ಡಿ ಮಾತ್ರ ಉಳಿದು, ಗಿಡ ಸತ್ತೇಹೋಯಿತೆಂದು ಯಜಮಾನರು ಹೆದರಿದರು. ಚಳಿಗಾಲದಲ್ಲಿ ಅದೇ ಗಿಡ ಹೂವಿನ ಭಾರಕ್ಕೆ ಬಾಗಿತು. ಹುಲ್ಲನ್ನು ಕಂಡು ನಗುತ್ತಿದ್ದ ನಾನು ಅದರ ಮೇಲೆ ಚಪ್ಪಲಿ ಕಾಲಿಡಲು ಹಿಂಜರಿಯತೊಡಗಿದೆ.

ಒಂದು ದಿನ ಮಧ್ಯಾಹ್ನ, ಬಿಸಿಲು ಸುರಿಯುತ್ತಿದ್ದಾಗ, ಹುಲ್ಲಿನ ನಡುವೆ ನಿಂತು ಯಾವುದೋ ಕಾಗದ ಓದುತ್ತಿದ್ದೆ. ಆತ ಸಾಲು ಹಿಡಿದು ನನ್ನ ಕಡೆಗೇ ಬರುತ್ತಿದ್ದ. ಹತ್ತಿರ ಬಂದಾಗ ಪಕ್ಕಕ್ಕೆ ಬನ್ನಿ ಎನ್ನುತ್ತಾನೆ, ಆಗ ಸರಿದರಾಯಿತು ಎಂದು ನಾನು ಅಲ್ಲಾಡಲಿಲ್ಲ. ಮಾರು ದೂರ ಬಂದ, ಮೊಳ ದೂರ ಬಂದ. ಮುಖ ನನ್ನ ಕಡೆಗೇ ಇತ್ತು. ಎಡಗೈ ಹುಲ್ಲು ಸವರುತ್ತಾ ಮುಂದೆ ಬಂದು ನನ್ನ ಪಾದದ ಮೇಲೆ ಏರಿತು. ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ.

“ಯಾರು?” ಎಂದ.

ಕೈಯಲ್ಲಿದ್ದ ಕಾಗದವನ್ನು ಆತನ ಮುಖದ ಮುಂದೆ ಆಡಿಸಿದೆ. ರೆಪ್ಪೆ ಬಡಿಯಲಿಲ್ಲ. ಅಷ್ಟು ಹೊತ್ತಿಗೆ ಬಾವಿಯ ಹತ್ತಿರದಿಂದ ಮಗಳು ಓಡಿ ಬಂದಳು. ಗುಮಾಸ್ತರು ಇಲ್ಲೇ ನಿಂತವ್ರೆ ಕಣಪ್ಪಾ, ಬಿಸಿಲಿಗೆ ನಿಂಗೆ ಕಣ್ ಕತ್ಲೆ ಬಂತೇನೋ ಎಂದು ಏದುಸಿರಿನಲ್ಲೇ ಹೇಳುತ್ತಾ ಬಂದು, ನನ್ನ ಮುಖ ನೋಡಿ ನಿಂತುಬಿಟ್ಟಳು. ಆಕೆ ಮಾತು ನಿಲ್ಲಿಸಿದ್ದನ್ನು ನಾನು ಮೊದಲ ಸಲ ಕಂಡೆ. ಆ ಮಾತೆಲ್ಲ ಯಾತಕ್ಕೆ ಎಂಬುದೂ ಆಗಲೇ ತಿಳಿಯಿತು. ಜಲ್ಲಿ, ಬಾವಿ ಕಟ್ಟೆ, ಮೂರು ಮೆಟ್ಟಿಲು. ಅದು ಬಾಯಿಬಡುಕತನವಲ್ಲ, ಆತ ನಡೆಯುವ ದಾರಿ. ನನಗೆ ನಾಚಿಕೆಯಾಯಿತು.

ನಾಲ್ಕು ವರ್ಷದ ಹಿಂದೆ ಮಂಜು ಕಟ್ಟಿದ ಹಾಗೆ ಆಯಿತಂತೆ. ಆಸ್ಪತ್ರೆಗೆ ಹೋದರೆ ಇದು ಪೊರೆಯಲ್ಲ, ತೆಗೆಯಲು ಬರುವುದಿಲ್ಲ, ಒಳಗಿನ ನರವೇ ಒಣಗಿದೆ ಎಂದರಂತೆ. ದಂಡಿನ ಬಂಗಲೆಯಲ್ಲೂ ಎರಡು ವರ್ಷ ಯಾರಿಗೂ ತಿಳಿಯದ ಹಾಗೆ ಹೀಗೇ ಕೆಲಸ ಮಾಡಿದ್ದ. ಊರಿನಲ್ಲಿ ಭೂಮಿ ಇಲ್ಲ, ತಮ್ಮನೊಬ್ಬ ಇದ್ದಾನೆ, ಅವನ ಹೆಂಡತಿ ಇವರನ್ನು ಬಾಗಿಲೊಳಕ್ಕೆ ಬಿಟ್ಟುಕೊಳ್ಳುವವಳಲ್ಲ. ಇದನ್ನೆಲ್ಲ ಮಗಳು ಹೇಳಿದಳು. ಆತ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಾ ಕೂತಿದ್ದವನು ಕೊನೆಗೆ ಬಾಯಿ ತೆರೆದ.

“ಈ ಕೆಲ್ಸ ಇರೋಗಂಟ ನಾನು ಮಾಲಿ ಸ್ವಾಮಿ. ಇದು ಹೋದ್ ದಿನ ನಾನು ಕುರುಡ. ಅಷ್ಟೇಯ. ನೀವು ಯಾರ್ಗೂ ಹೇಳ್ಬ್ಯಾಡಿ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆತನ ಕೈ ಹಿಡಿದುಕೊಂಡು ಕೊಟ್ಟೆ.

ಎಂಟು ತಿಂಗಳು ಆ ಮಾತನ್ನು ಉಳಿಸಿಕೊಂಡೆ. ಹುಲ್ಲಿನ ಮೇಲೆ ಯಾರಾದರೂ ಕುರ್ಚಿ ಮರೆತುಹೋದರೆ ನಾನೇ ಎತ್ತಿಡುತ್ತಿದ್ದೆ. ಯಜಮಾನರು ಆ ಕಡೆ ಹೊರಟರೆ ಜೋರಾಗಿ ಕೆಮ್ಮುತ್ತಿದ್ದೆ. ಆ ಗುಲಾಬಿಯ ಬಣ್ಣ ಯಾವುದು ಎಂದು ಅವರು ಜಗಲಿಯಿಂದ ಕೇಳಿದರೆ ನಾನು ಮೊದಲು ಬಾಯಿ ಹಾಕುತ್ತಿದ್ದೆ. ಮೂರು ಜನರ ನಡುವೆ ಒಂದು ಗುಟ್ಟು ಇರುವುದು, ಅದರಲ್ಲಿ ನಾನೊಬ್ಬ ಎಂಬುದು, ನನಗೆ ಒಂದು ಬಗೆಯ ದೊಡ್ಡಸ್ತಿಕೆ ತಂದಿತ್ತು. ನನ್ನಿಂದಲೇ ಆತ ನಿಂತಿದ್ದಾನೆ ಎಂದೂ ಕೆಲವು ಸಲ ಅನ್ನಿಸುತ್ತಿತ್ತು. ಆ ಹಮ್ಮಿಗೆ ಬೆಂಕಿ ಬೀಳಲಿ.

ಮುಂದಿನ ವರ್ಷದ ಚಳಿಗಾಲದಲ್ಲಿ ಯಜಮಾನರು ಬೆಂಗಳೂರಿನ ಸ್ನೇಹಿತರಿಗೆ ಹುಲ್ಲಿನ ಮೇಲೆ ಟೀ ಕೊಟ್ಟರು. ಏಳೆಂಟು ಜನ, ಎಲ್ಲ ಓದಿದವರು. ನಾಲ್ಕು ಗಂಟೆಯ ಬಿಸಿಲು, ಬಿಳಿ ಬಟ್ಟೆ ಹೊದಿಸಿದ ಮೇಜು. ಮಾಲಿ ಆ ಕೊನೆಯಲ್ಲಿ ಗುಲಾಬಿಯ ಹತ್ತಿರ ಇದ್ದ, ಮಾತು ಕೇಳಿಸದಷ್ಟು ದೂರ. ಅವರಲ್ಲೊಬ್ಬರು, ಹಿಂದೆ ಜಡ್ಜಿ ಆಗಿದ್ದವರಂತೆ, ಬಗ್ಗಿ ಹುಲ್ಲು ಮುಟ್ಟಿ ನೋಡಿ, ಮಿಷನ್ನೂ ಇಲ್ಲದೆ ಇಷ್ಟು ಸಮ ಹೇಗೆ ಬಂತು ಎಂದು ಬೆರಗಾದರು. ಯಜಮಾನರು ನನ್ನ ಕಡೆ ತಿರುಗಿ, ಹೇಳಯ್ಯ ಎಂದರು.

ಎಲ್ಲರ ಮುಖವೂ ನನ್ನ ಕಡೆ ತಿರುಗಿತ್ತು. ಪದ ನಾಲಿಗೆಯ ಮೇಲೆ ಬಂದು ಕೂತಿತ್ತು. ಎಂಟು ತಿಂಗಳಿಂದ ಅದು ಅಲ್ಲೇ ಕೂತಿತ್ತು ಎಂದರೂ ಸರಿ. ಒಳ್ಳೆಯ ಮಾತು, ಆಡಲು ಜನ ಸಿಕ್ಕಿರಲಿಲ್ಲ ಅಷ್ಟೆ.

“ನಮ್ಮ ಮಾಲಿ ಸವರಿ ಸವರಿಯೇ ಸವರುತ್ತಾನೆ ಸ್ವಾಮಿ. ಕಣ್ಣಿಗೆ ಇಲ್ಲಿ ಕೆಲಸವೇ ಇಲ್ಲ” ಎಂದೆ.

ನಕ್ಕರು. ಯಜಮಾನರು ತೊಡೆ ತಟ್ಟಿಕೊಂಡು ನಕ್ಕರು. ಆ ನಗುವಿನಲ್ಲಿ ಒಂದು ಕ್ಷಣ ನಾನು ತೇಲಿಹೋದೆ. ನಗದೆ ಉಳಿದವರು ಆ ಜಡ್ಜಿ ಒಬ್ಬರೇ. ಗುಲಾಬಿಯ ಕಡೆ ನೋಡುತ್ತಾ ಕೂತಿದ್ದವರು, ಕಣ್ಣಿಗೆ ಕೆಲಸವಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಸುಮ್ಮನೆ ತಮಾಷೆಗೆ ಹೇಳಿದೆ ಎಂದು ತೊದಲಿದೆ. ಆ ತೊದಲುವಿಕೆಯೇ ಸಾಕ್ಷಿಯಾಯಿತೇನೋ. ಅವರು ಮಾಲಿಯನ್ನು ಕರೆಸಿದರು. ಕರೆಯಲು ಹೋದವನು ಅಡುಗೆಯವನು. ಮಗಳು ಬಾವಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಆಕೆಗೆ ಇದು ಗೊತ್ತಾಗಲಿಲ್ಲ.

ಆತ ಒಬ್ಬನೇ ನಡೆದು ಬಂದ. ದಿನವೂ ಓಡಾಡುವ ಜಾಗ, ಹೆಜ್ಜೆ ಲೆಕ್ಕ ಇತ್ತು, ಸರಿಯಾಗಿಯೇ ಬಂದು ನಿಂತು ಕೈ ಮುಗಿದ. ಜಡ್ಜಿ ತಮ್ಮ ಬರಿಗೈಯನ್ನು ಮುಂದೆ ಚಾಚಿ, ಈ ಹೂವು ಹೇಗಿದೆ ನೋಡಪ್ಪ ಎಂದರು. ಕೈಯಲ್ಲಿ ಏನೂ ಇರಲಿಲ್ಲ. ನಾನು ಕೆಮ್ಮಬಹುದಾಗಿತ್ತು. ಕೆಮ್ಮಲಿಲ್ಲ.

“ಚೆನ್ನಾಗೈತೆ ಸ್ವಾಮಿ. ನಮ್ ತೋಟದ್ದೇಯ” ಎಂದ ಆತ, ನಗುತ್ತಾ.

ಯಾರೂ ಮಾತಾಡಲಿಲ್ಲ. ಆ ಮೌನದಲ್ಲೇ ಆತನಿಗೆ ಗೊತ್ತಾಯಿತು. ನಗು ಮುಖದ ಮೇಲಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಇಷ್ಟು ವರ್ಷ ಬದುಕಿದ್ದೇನೆ, ಹೆತ್ತವರನ್ನೂ ಹೆಂಡತಿಯನ್ನೂ ಕಳುಹಿಸಿಕೊಟ್ಟಿದ್ದೇನೆ. ಆ ನಗು ಇಳಿದ ಹಾಗೆ ಬೇರಾವುದನ್ನೂ ನೋಡಿಲ್ಲ.

ಯಜಮಾನರು ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ಅವರು ಮರುಗಿದರು. ಕಣ್ಣಿಲ್ಲದವನ ಕೈಗೆ ಕತ್ತರಿ ಕೊಟ್ಟು ಪಾಪ ಕಟ್ಟಿಕೊಳ್ಳಲಾರೆ, ಬೆರಳು ಕತ್ತರಿಸಿಕೊಂಡರೆ ಯಾರು ಹೊಣೆ ಎಂದರು. ಇಷ್ಟು ದಿನದಲ್ಲಿ ಆತನ ಬೆರಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಹೇಳಿದೆ, ಅವರು ಕೇಳಲಿಲ್ಲ. ಎರಡು ಚೀಲ ರಾಗಿ, ಒಂದು ಕಂಬಳಿ, ಊರಿಗೆ ಬಿಡಲು ಗಾಡಿ. ಗಾಡಿ ಹೊರಡುವಾಗ ನಾನು ಕಛೇರಿ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೆ. ಮಗಳ ಧ್ವನಿಗಾಗಿ ಕಿವಿಗೊಟ್ಟಿದ್ದೆ. ಕೇಳಿಸಲಿಲ್ಲ.

ಬೇರೆ ಮಾಲಿ ಬಂದ. ಕಣ್ಣು ಚೆನ್ನಾಗಿದ್ದವನು. ಹುಲ್ಲು ಸುಮಾರಾಗಿತ್ತು. ನಾನು ಜಗಲಿಗೆ ಹೋಗುವುದನ್ನು ಬಿಟ್ಟೆ. ಏನಾದರೂ ಹೇಳಯ್ಯ ಎಂದು ಯಜಮಾನರು ಕೇಳಿದರೆ ಏನೂ ಹೊಳೆಯುತ್ತಿಲ್ಲ ಎನ್ನುತ್ತಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ ಎಂದೆಲ್ಲ ಬರೆದರೆ ಸುಳ್ಳಾದೀತು. ಎರಡೂ ಎಂದಿನಂತೆ ನಡೆಯುತ್ತಿದ್ದವು. ಆದರೆ ನನ್ನ ಬಗ್ಗೆ ನನಗಿದ್ದ ಒಳ್ಳೆಯ ಅಭಿಪ್ರಾಯ ಒಂದು ಸತ್ತುಹೋಗಿತ್ತು.

ಮೂರು ತಿಂಗಳ ಮೇಲೆ ತಪ್ಪು ಒಪ್ಪಿಕೊಂಡು ಬರೋಣವೆಂದು ಮಧುರೆಯ ಕಡೆಗೆ ಹೋದೆ. ಆಗ ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ಒಂದೊಂದು ಏರಿನಲ್ಲೂ ನಾನು ಹೇಳಬೇಕಾದ ಮಾತನ್ನು ಮತ್ತೆ ಜೋಡಿಸಿಕೊಳ್ಳುತ್ತಿದ್ದೆ. ಮಾತು ನಾನೇ ಆಡಿದ್ದು, ನನ್ನ ಬಾಯಿ ಚಪಲಕ್ಕೆ ನಿಮ್ಮ ಅನ್ನ ಹೋಯಿತು. ಇಷ್ಟೇ. ಇದರಲ್ಲಿ ಎರಡನೆಯ ಅರ್ಥವೇನೂ ಇರಲಿಲ್ಲ.

ತಮ್ಮನ ಮನೆಯ ಪಕ್ಕದಲ್ಲಿ, ದನದ ಕೊಟ್ಟಿಗೆಗೆ ತಟ್ಟಿ ಅಡ್ಡ ಕಟ್ಟಿ ಒಂದು ಮರೆ ಮಾಡಿಕೊಂಡಿದ್ದರು. ನನ್ನ ಧ್ವನಿ ಕೇಳಿದ ಕೂಡಲೇ ಆತ ಎದ್ದ. ಎದ್ದವನು ತಲೆಯನ್ನು ತೊಲೆಗೆ ಹೊಡೆದುಕೊಂಡ. ಮಗಳು ಪಕ್ಕದಲ್ಲೇ ನಿಂತಿದ್ದಳು. ತೊಲೆ ಇದೆ ಎಂದು ಹೇಳಲಿಲ್ಲ. ಹಣೆಯ ಮೇಲೆ ಹಳೆಯ ಗಾಯಗಳೂ ಇದ್ದವು. ಆಕೆ ತೋಳು ಹಿಡಿಯಲು ಹೋದಳು, ಆತ ಕೊಡವಿದ. ಕೂರಲು ಕಂಬಳಿ ಹಾಸಿದಳು, ನೀರು ತಂದಿಟ್ಟಳು, ಎಲ್ಲವೂ ಮೂಕಿಯ ಹಾಗೆ. ಆತ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡ.

“ಎಂಟು ತಿಂಗ್ಳು ಮಾತು ಉಳಿಸ್ಕಂಡ್ರಿ ಸ್ವಾಮಿ. ನೀವು ಯಾರೋ, ನಾನು ಯಾರೋ. ಹೆತ್ ಮಗ್ಳು ಉಳಿಸ್ಕಳ್ಳಿಲ್ಲ. ಹರಕುಬಾಯಿ, ಬಾವಿ ತಾವ ಅಡುಗೆಯವ್ನ್ ಹತ್ರ ಬಾಯಿಬಿಟ್ಟವ್ಳೆ. ಅವತ್ತೇ ಹೇಳ್ದೆ, ಇನ್ನ ನಿನ್ ದನಿ ನನ್ ಕಿವೀಗ್ ಬೀಳ್ಕೂಡ್ದು ಅಂತ.”

ಆಕೆ ತಟ್ಟಿಗೆ ಒರಗಿ ನೆಲ ನೋಡುತ್ತಿದ್ದಳು. ಆಡಬೇಕಾದ ಮಾತು ನನ್ನ ಬಾಯಲ್ಲೇ ಇತ್ತು. ಬಸ್ಸಿನಲ್ಲಿ ಹತ್ತು ಸಲ ಜೋಡಿಸಿದ ಮಾತು. ಆದರೆ ಆತನ ಕೈ ನನ್ನ ಕೈಯನ್ನು ಎಷ್ಟು ನಂಬಿಕೆಯಿಂದ ಹಿಡಿದಿತ್ತೆಂದರೆ, ಆ ಹಿಡಿತ ಸಡಿಲವಾಗುವುದನ್ನು ಸಹಿಸಲು ನನ್ನಿಂದಾಗಲಿಲ್ಲ. ಆರೋಗ್ಯ ನೋಡಿಕೊಳ್ಳಿ ಎಂದೆ. ಹೊತ್ತಾಯಿತು ಎಂದೆ. ಎದ್ದೆ.

ಮಗಳು ರಸ್ತೆಯವರೆಗೆ ಹಿಂದೆಯೇ ಬಂದಳು. ಅಪ್ಪನಿಗೆ ಕೇಳಿಸದಷ್ಟು ದೂರ ಬಂದ ಮೇಲೆ ಬಾಯಿ ತೆರೆದಳು. ಧ್ವನಿ ಒಡೆದಿತ್ತು.

“ನನ್ ಕಣ್ಣಾಣೆಗೂ ನಾನು ಯಾರ್ಗೂ ಹೇಳ್ಲಿಲ್ಲ ಸ್ವಾಮಿ. ನಮ್ಮಪ್ಪ ನಂಬಲ್ಲ. ನಿಮ್ ಮಾತಾದ್ರೆ ನಂಬ್ತದೆ. ಅವಳಲ್ಲ ಅಂತ ಒಂದ್ ಮಾತು ಹೇಳ್ಬುಟ್ಟು ಹೋಗಿ.”

ಆಕೆಗೂ ಗೊತ್ತಿರಲಿಲ್ಲ. ನನ್ನ ಮೇಲೆ ಅನುಮಾನ ಆಕೆಯ ಕನಸಿನಲ್ಲೂ ಸುಳಿದಿರಲಿಲ್ಲ. ಬಸ್ಸು ದೂರದಲ್ಲಿ ಹೊಗೆ ಬಿಡುತ್ತಾ ಬರುತ್ತಿತ್ತು. ಇದು ತಪ್ಪಿದರೆ ಸಂಜೆಯವರೆಗೆ ಬೇರೆ ಇಲ್ಲ ಎಂದೆ. ಮುಂದಿನ ಸಲ ಬಂದಾಗ ಖಂಡಿತ ಹೇಳುತ್ತೇನೆ ಎಂದೆ. ಆಕೆ ತಲೆಯಾಡಿಸಿದಳು. ನಾನು ಹತ್ತಿದೆ.

ಮತ್ತೆ ನಾನು ಹೋಗಲಿಲ್ಲ. ಹೋಗಬಾರದೆಂದು ನಿರ್ಧಾರ ಮಾಡಿದ್ದೂ ಅಲ್ಲ. ಈ ತಿಂಗಳು, ಬರುವ ತಿಂಗಳು ಎಂದು ಎರಡು ವರ್ಷ ಕಳೆದವು. ಯುದ್ಧ ಮುಗಿದ ಮೇಲೆ ಒಂದು ದಿನ ಸಂತೆಯಲ್ಲಿ ಆ ಊರಿನವನೊಬ್ಬ ಸಿಕ್ಕಿ, ಮಾಲಿ ತೀರಿಹೋಗಿ ಒಂದು ತಿಂಗಳಾಯಿತು ಎಂದ. ಮಗಳು ಏನು ಮಾಡುತ್ತಾಳೆ ಎಂದು ಕೇಳಿದೆ. ಕೊನೆಯವರೆಗೂ ಅವಳೇ ನೋಡಿಕೊಂಡಳಂತೆ. ಮುದ್ದೆ ಮುರಿದು ಬಾಯಿಗಿಟ್ಟರೆ ತಿನ್ನುತ್ತಿದ್ದನಂತೆ. ಅವಳ ಹತ್ತಿರ ಒಂದು ಮಾತೂ ಆಡಲಿಲ್ಲವಂತೆ.